ಹಗುರವಾದ ಹೆಗಲು

ನೌಕರಿಯಿಂದ ನಿವೃತ್ತರಾದವರನ್ನು ಉರ್ದುವಿನಲ್ಲಿ 'ಸುಬುಕ್‌ದೋಶ್' ಆದರು ಎನ್ನುತ್ತಾರೆ. ಸುಬುಕ್ ಎಂದರೆ ಹಗುರ, ದೋಶ್ ಎಂದರೆ ಹೆಗಲು. ಇಷ್ಟು ವರ್ಷ ಹೊತ್ತಿದ್ದ ಭಾರ ಇಳಿಸಿ ಹೆಗಲು ಹಗುರ ಮಾಡಿಕೊಂಡವರು ಎಂದು ಅರ್ಥ. ಕನ್ನಡದ 'ನಿವೃತ್ತಿ'ಯಲ್ಲಿ ಲೋಕದ ವ್ಯವಹಾರದಿಂದ ಹಿಂದೆ ಸರಿಯುವ ಭಾವವಿದೆ. ಇನ್ನು ಪಿಂಚಣಿಗೆ ಉರ್ದುವಿನಲ್ಲಿ 'ವಜೀಫಾ' ಎನ್ನುವುದುಂಟು. ದಿನವೂ ತಪ್ಪದೆ ಪಠಿಸುವ ಜಪಕ್ಕೂ ಅದೇ ಮಾತು. ಪ್ರಾಥಮಿಕ ಶಾಲೆಯನ್ನು ಉರ್ದುವಿನಲ್ಲಿ, ಹೈಸ್ಕೂಲನ್ನು ಕನ್ನಡದಲ್ಲಿ ಓದಿದ ನನಗೆ ಎರಡೂ ಭಾಷೆಗಳ ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಚಟ. ಈ ಮೂರು ಮಾತುಗಳನ್ನು ಹಾಗೆ ಇಟ್ಟು ನೋಡಿದಾಗೆಲ್ಲ ಒಂದು ಪ್ರಶ್ನೆ ಏಳುತ್ತದೆ. ಹೆಗಲು ಹಗುರವಾಯಿತು, ಸರಿ. ಆ ಹೆಗಲನ್ನು ಇನ್ನು ಏನು ಮಾಡುವುದು?

ಇದನ್ನು ನಾನು ಪುಸ್ತಕ ಓದಿ ಕೇಳುತ್ತಿರುವುದಲ್ಲ. ನಮ್ಮ ಮನೆಯಲ್ಲಿ ಕಂಡದ್ದರಿಂದ ಕೇಳುತ್ತಿದ್ದೇನೆ.

ಮೈಸೂರು ಜಿಲ್ಲೆಯ ಹುಣಸೂರು ಉಪವಿಭಾಗವೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳ ಸೀಮೆ. ಈಚಿನ ವರ್ಷಗಳಲ್ಲಿ ಸರಗೂರು ಮತ್ತು ಸಾಲಿಗ್ರಾಮ ಬೇರೆ ತಾಲ್ಲೂಕುಗಳಾಗಿವೆ. ನನ್ನ ಅಬ್ಬಾ 1974ರಲ್ಲಿ ಗ್ರಾಮ ಲೆಕ್ಕಿಗರಾಗಿ ಕಂದಾಯ ಇಲಾಖೆ ಸೇರಿ, ಈ ಸೀಮೆಯೊಳಗೇ ವರ್ಗವಾಗುತ್ತ ಸವೆದವರು. ಕೆ.ಆರ್. ನಗರದ ಕಾವೇರಿ ನಾಲೆಯ ಬತ್ತದ ಬಯಲು, ಹುಣಸೂರು ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲ, ಕೋಟೆಯ ಕಾಡಂಚಿನ ಹಾಡಿ ಎಲ್ಲವನ್ನೂ ಸೈಕಲ್ಲಿನಲ್ಲಿ ತುಳಿದವರು. ಹಳ್ಳಿಯವರು ಅವರನ್ನು 'ಶಾನುಭೋಗ ಸಾಬ್ರು' ಎನ್ನುತ್ತಿದ್ದರು. ಶಾನುಭೋಗಿಕೆ ಹೋಗಿ ಎಷ್ಟೋ ವರ್ಷವಾಗಿದ್ದರೂ ಜನರ ಬಾಯಲ್ಲಿ ಅದು ಉಳಿದಿತ್ತು. ಅಬ್ಬಾರ ಕಚೇರಿಯ ಕನ್ನಡ ನನಗೆ ಬಾಲ್ಯದಲ್ಲಿ ಅರ್ಧ ಉರ್ದುವಿನಂತೆಯೇ ಕೇಳುತ್ತಿತ್ತು. ಅರ್ಜಿ, ದಫ್ತರ, ತಹಶೀಲ್ದಾರ, ಜಮಾಬಂದಿ, ತಕರಾರು, ವಸೂಲಿ ಎಲ್ಲವೂ ನಮ್ಮ ಮನೆಮಾತಿನಿಂದ ಎದ್ದು ಹೋದಂಥ ಪದಗಳೇ.

2008ರಲ್ಲಿ ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿತು. ಅಬ್ಬಾಗೆ ಎರಡು ವರ್ಷ ಹೆಚ್ಚು ಸಿಕ್ಕಿ 2010ರಲ್ಲಿ ನಿವೃತ್ತರಾದರು. ಹಾರ, ಶಾಲು, ಫಲತಾಂಬೂಲ, ಗೋಡೆ ಗಡಿಯಾರ ಎಲ್ಲವೂ ಬಂದವು. ಸಮಯ ನೋಡಬೇಕಾದ ಅಗತ್ಯ ಮುಗಿದ ದಿನವೇ ಗಡಿಯಾರ ಕೊಡುವ ಪದ್ಧತಿಯನ್ನು ಯಾರು ಶುರುಮಾಡಿದರೋ!

ಮೊದಲ ಒಂದು ವರ್ಷ ಅಬ್ಬಾ ಬೆಳಿಗ್ಗೆ ಒಂಬತ್ತೂವರೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುತ್ತಿದ್ದರು. ಹೋಗುತ್ತಿದ್ದುದು ಬಸ್ ನಿಲ್ದಾಣಕ್ಕೆ. ಅಲ್ಲಿ ಕೂತು ಯಾವ ಬಸ್ಸು ಎಷ್ಟು ತಡವಾಯಿತೆಂದು ನೋಡಿ, ಲುಹರ್ ನಮಾಜಿನ ಹೊತ್ತಿಗೆ ಮರಳುತ್ತಿದ್ದರು. ಮನೆಯಲ್ಲಿ ಮಾತು ಕಡಿಮೆಯಾಯಿತು. ಅಡುಗೆಮನೆಯ ಡಬ್ಬಿಗಳನ್ನು ತೆಗೆದು ಲೆಕ್ಕ ಹಾಕಲು ಶುರುಮಾಡಿದರು. ಬೇಳೆ ಎಷ್ಟು ಉಳಿದಿದೆ, ಸಕ್ಕರೆ ಏಕೆ ಇಷ್ಟು ಬೇಗ ಮುಗಿಯಿತು ಎಂದು ಅಮ್ಮಿಯನ್ನು ಜಮಾಬಂದಿಗೆ ಕರೆದವರಂತೆ ವಿಚಾರಿಸುತ್ತಿದ್ದರು. ಒಂದು ದಿನ ಅಮ್ಮಿ ಸೌಟು ಕೆಳಗಿಟ್ಟು ಕೇಳಿದರು, "ನೀವು ರಿಟೈರ್ ಆದಿರಿ. ನಾನು ಯಾವಾಗ ಆಗೋದು ಹೇಳಿ? ನನಗೂ ಒಂದು ಹಾರ ಹಾಕಿಸ್ತೀರಾ?"

ಅಬ್ಬಾ ಉತ್ತರ ಕೊಡಲಿಲ್ಲ. ಆದರೆ ಆ ಪ್ರಶ್ನೆ ನಮ್ಮ ಮನೆಯಲ್ಲಿ ಉಳಿದುಕೊಂಡಿತು. ಯೋಚಿಸಿ ನೋಡಿದರೆ ನಮ್ಮ ಸೀಮೆಯಲ್ಲಿ ನಿವೃತ್ತಿ ಎನ್ನುವುದು ಎಷ್ಟು ಜನಕ್ಕಿದೆ? ಸಂಬಳದ ನೌಕರಿ ಇದ್ದವರಿಗೆ ಮಾತ್ರ. ಮಳೆಗಾಲದಲ್ಲಿ ಹೊಗೆಸೊಪ್ಪಿನ ಎಲೆ ಮುರಿಯುವ, ಅದನ್ನು ಕೋಲಿಗೆ ಪೋಣಿಸುವ, ಬ್ಯಾರನ್ನಿನ ಬೆಂಕಿಗೆ ಸೌದೆ ಒಡ್ಡಿ ರಾತ್ರಿ ಕಾಯುವ ಜನರಿಗೆ ಅರವತ್ತು ತುಂಬಿದ ದಿನ ಯಾರೂ ಶಾಲು ಹೊದಿಸುವುದಿಲ್ಲ. ಗದ್ದೆಗೆ ನಾಟಿ ಹಾಕುವ ಹೆಂಗಸಿಗೆ, ಜೇನು ಕೊಯ್ಯುವ ಕುರುಬರಿಗೆ, ಗಾಡಿಯಲ್ಲಿ ಹಣ್ಣು ಮಾರುವ ನಮ್ಮ ಮೊಹಲ್ಲಾದ ಚಾಚಾನಿಗೆ ಹೆಗಲು ಹಗುರವಾಗುವುದು ಕಡೆಯ ದಿನ ಬೇರೆಯವರ ಹೆಗಲ ಮೇಲೆ ಹೋಗುವಾಗಲೇ.

ಅಂಥವರಿಗಾಗಿಯೇ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂತು. ಅರವತ್ತೈದು ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಅಸಂಘಟಿತ ಕೆಲಸಗಾರರು ಇಂಥವರಿಗೆ ತಿಂಗಳಿಗೆ 400 ರೂಪಾಯಿ ಎಂದು ಶುರುವಾದದ್ದು 2021ರಲ್ಲಿ 1200ಕ್ಕೆ ಏರಿತು. ಮೊತ್ತ ಸಣ್ಣದೆಂದು ನಮಗೆ ಅನ್ನಿಸಬಹುದು. ಮಾತ್ರೆ ತರಲು ಸೊಸೆಯ ಮುಂದೆ ಕೈಚಾಚುವ ಅಜ್ಜಿಯನ್ನು ಕೇಳಿ ನೋಡಿ.

ನಮ್ಮ ಓಣಿಯ ಒಬ್ಬ ಖಾಲಾಗೆ ಆ ಹಣ ಬರುವುದು ಒಮ್ಮೆಲೇ ನಿಂತುಹೋಯಿತು. ಗಂಡನಿಲ್ಲದ, ಮೂವತ್ತು ವರ್ಷ ಸೊಪ್ಪು ಪೋಣಿಸಿದ ಹೆಂಗಸು. ನಾಲ್ಕು ತಿಂಗಳು ಓಡಾಡಿ ಸುಸ್ತಾಗಿ ಅಮ್ಮಿಯ ಹತ್ತಿರ ಬಂದು ಅತ್ತರು. ಅಬ್ಬಾ ಅವರ ಕಾಗದಗಳನ್ನು ಜಗುಲಿಯ ಮೇಲೆ ಹರಡಿಕೊಂಡರು. ಪಡಿತರ ಚೀಟಿಯಲ್ಲಿ ಹೆಸರಿನ ಕೊನೆಗೆ 'ಬೀ' ಇತ್ತು, ಆಧಾರಿನಲ್ಲಿ 'ಬಾನು' ಆಗಿತ್ತು, ಬ್ಯಾಂಕಿನಲ್ಲಿ 'ಉನ್ನೀಸಾ'. ಒಬ್ಬಳೇ ಹೆಂಗಸು ಕಾಗದದಲ್ಲಿ ಮೂವರಾಗಿದ್ದಳು. ಹುಟ್ಟಿದ ದಿನ ಗೊತ್ತಿಲ್ಲದ ನಮ್ಮ ಎಷ್ಟೋ ಹಿರಿಯರಂತೆ ಆಕೆಯೂ ಜನವರಿ ಒಂದರಂದು ಹುಟ್ಟಿದ್ದಳು. ಮೇಲಾಗಿ ಬೆರಳಚ್ಚು ಯಂತ್ರಕ್ಕೆ ಆಕೆಯ ಬೆರಳು ಗುರುತು ಸಿಗುತ್ತಿರಲಿಲ್ಲ. ಮೂವತ್ತು ವರ್ಷದ ದುಡಿಮೆ ಬೆರಳಿನ ಗೆರೆಗಳನ್ನು ತಿಂದುಹಾಕಿತ್ತು. ದುಡಿದದ್ದಕ್ಕೆ ಸಾಕ್ಷಿಯಾಗಬೇಕಾದ ಬೆರಳೇ ಪಿಂಚಣಿಗೆ ಅಡ್ಡ ನಿಂತಿತ್ತು.

ಅಬ್ಬಾ ಅರ್ಜಿ ಬರೆದರು, ಖಾಲಾಳನ್ನು ಕರೆದುಕೊಂಡು ಒಂದು ಕಚೇರಿಗೆ ಹೋದರು. ಯಾವ ಕಚೇರಿ ಎಂದು ಹೇಳುವ ಅಗತ್ಯವಿಲ್ಲ, ಎಲ್ಲ ಕಡೆಯೂ ನಡೆಯುವುದೇ. ಹೊಸದಾಗಿ ಬಂದಿದ್ದ ಹುಡುಗ ತಲೆಯೆತ್ತದೆ, "ಯಾರ್ರೀ ನೀವು? ಏಜೆಂಟಾ? ಹೊರಗೆ ಕಾಯ್ರಿ" ಎಂದ. ಮೂವತ್ತಾರು ವರ್ಷ ಮೇಜಿನ ಆ ಬದಿಯಲ್ಲಿ ಕೂತವರು ಅಂದು ಮೂರು ಗಂಟೆ ಈ ಬದಿಯ ವರಾಂಡದಲ್ಲಿ ನಿಂತರು. ಮನೆಗೆ ಬಂದು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆವು. ಅವರು ಚಹಾ ಕುಡಿಯುತ್ತ ಅಂದದ್ದು ಇಷ್ಟೇ: "ಕುರ್ಚಿಯಿಲ್ಲದೆ ನಿಂತರೆ ಕಚೇರಿ ಎಷ್ಟು ಎತ್ತರ ಕಾಣ್ತದೆ!" ಮಾರನೆಯ ದಿನ ಮತ್ತೆ ಹೋದರು, ಅದರ ಮಾರನೆಯ ದಿನವೂ. ಮೂರನೆಯ ತಿಂಗಳು ಖಾಲಾಳ ಖಾತೆಗೆ ಹಣ ಬಂತು. ಆಕೆ ಒಂದು ಟಿಫನ್ ಡಬ್ಬಿಯಲ್ಲಿ ಸಿಹಿ ಪಾಯಸ ತಂದು ಅಮ್ಮಿಯ ಕೈಗಿಟ್ಟಳು.

ಅಲ್ಲಿಂದ ಶುರುವಾಯಿತು. ಖಾಲಾ ಹೇಳಿ ಇನ್ನೊಬ್ಬರು, ಅವರು ಹೇಳಿ ಮತ್ತೊಬ್ಬರು. ನಮ್ಮ ಜಗುಲಿಯ ಮೇಲೆ ಹಳೆಯ ಮೇಜು ಬಂತು. ಪಿರಿಯಾಪಟ್ಟಣದಿಂದ ಅಬ್ಬಾರ ಹಳೆಯ ಸ್ನೇಹಿತ, ನಿವೃತ್ತ ಕನ್ನಡ ಮೇಷ್ಟ್ರು ಜೊತೆಯಾದರು. ಅವರ ಕೈಬರಹ ಮುದ್ರಣದಂತೆ. ಕೆ.ಆರ್. ನಗರದಲ್ಲಿ ಆರೋಗ್ಯ ಇಲಾಖೆಯಿಂದ ನಿವೃತ್ತರಾದ ಒಬ್ಬ ಸಿಸ್ಟರ್ ಸೇರಿಕೊಂಡರು. ಯಾರ ಮನೆಯ ಸೊಸೆಗೆ ಎಷ್ಟನೆಯ ಹೆರಿಗೆ ಎಂಬುದರಿಂದ ಹಿಡಿದು ಯಾವ ಅಜ್ಜನಿಗೆ ಸಕ್ಕರೆ ಕಾಯಿಲೆ ಎಂಬುದರವರೆಗೆ ಊರೂರಿನ ಲೆಕ್ಕ ಅವರ ತಲೆಯಲ್ಲಿತ್ತು. ಈ ಮೂವರ ಕೂಟಕ್ಕೆ ಹೆಸರಿಲ್ಲ, ಬೋರ್ಡಿಲ್ಲ, ರಸೀದಿ ಪುಸ್ತಕವಿಲ್ಲ. ಮೂವರದೂ ಪಿಂಚಣಿ ಇದೆ, ಬಸ್ ಚಾರ್ಜಿಗೆ ಅದು ಸಾಕು ಎಂಬುದು ಅವರ ನಿಯಮ. ಯಾರಿಂದಲೂ ಕಾಸು ಮುಟ್ಟಕೂಡದು, ಪಾಯಸ ಮಾತ್ರ ತೆಗೆದುಕೊಳ್ಳಬಹುದು.

ಅಬ್ಬಾ ಬಂದವರಿಗೆ ಬರಿಯ ಅರ್ಜಿ ಬರೆದುಕೊಟ್ಟು ಕಳಿಸುತ್ತಿರಲಿಲ್ಲ. ಕರ್ನಾಟಕದಲ್ಲಿ 2011ರ ಕಾಯ್ದೆಯಿಂದ 'ಸಕಾಲ' ಬಂದು, ಇಂಥ ಸೇವೆ ಇಷ್ಟು ದಿನದೊಳಗೆ ಆಗಬೇಕೆಂದು ಗಡುವು ಗೊತ್ತಾಗಿತ್ತು. "ಅರ್ಜಿ ಕೊಟ್ಟು ಬಂದ್ರೆ ಸಾಲದು ಕಣಮ್ಮ, ಸಕಾಲದ ನಂಬರ್ ಇರೋ ಚೀಟಿ ಇಸ್ಕೊಂಡು ಬಾ. ಆ ಚೀಟಿ ಇಲ್ದಿದ್ರೆ ನೀನು ಅರ್ಜಿ ಕೊಟ್ಟೇ ಇಲ್ಲ ಅಂತ ಲೆಕ್ಕ" ಎನ್ನುತ್ತಿದ್ದರು. ಯಾವ ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬುದು ಅವರಿಗೆ ಕಣ್ಣುಮುಚ್ಚಿದರೂ ಗೊತ್ತು. ನೌಕರಿಯಲ್ಲಿದ್ದಾಗ ಅದು ದಿನದ ಕೆಲಸದ ತಿಳಿವಳಿಕೆ. ಹೊರಗೆ ಬಂದ ಮೇಲೆ, ಅದನ್ನು ತಿಳಿಯದ ಸಾವಿರಾರು ಜನರ ನಡುವೆ, ಅದು ಆಸ್ತಿಯಾಯಿತು.

ಅಬ್ಬಾ ಏಕೆ ಇದಕ್ಕೆ ಇಷ್ಟು ಅಂಟಿಕೊಂಡರು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಅವರು ನೌಕರಿಗೆ ಸೇರಿದ ವರ್ಷವನ್ನು ಓದುಗರು ಗಮನಿಸಿರಬಹುದು. ನಮ್ಮ ಹುಣಸೂರಿನವರೇ ಆದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲ. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರ ಫಾರಂ ನಂಬರ್ 7 ತುಂಬಿ ಅರ್ಜಿ ಹಾಕಿ, ತಾನೇ ಉಳುತ್ತಿದ್ದೇನೆಂದು ಭೂನ್ಯಾಯಮಂಡಳಿಯ ಮುಂದೆ ತೋರಿಸಿದರೆ ಭೂಮಿ ಅವನದಾಗುತ್ತಿತ್ತು. ಎಷ್ಟೋ ಮನೆಗಳ ಹಣೆಬರಹ ಆ ಒಂದು ಫಾರಂನಲ್ಲಿ ಬದಲಾಯಿತು. ಆದರೆ ಅಬ್ಬಾ ನೆನೆಯುತ್ತಿದ್ದುದು ಅರ್ಜಿಯನ್ನೇ ಹಾಕದವರನ್ನು. ಒಡೆಯನಿಗೆ ಅಂಜಿ ಹಾಕದವರು ಕೆಲವರು. ಬರೆದುಕೊಡುವವರು ಸಿಗದೆ ಹಾಕದವರು ಇನ್ನು ಕೆಲವರು. ಕಾಯ್ದೆ ವಿಧಾನಸೌಧದಲ್ಲಿ ಆಗುತ್ತದೆ, ಬಡವನ ಅಂಗಳಕ್ಕೆ ಅದು ಬರಬೇಕಾದರೆ ನಡುವೆ ಒಬ್ಬ ಬರೆಯುವವನು ಬೇಕು ಎಂಬುದು ಅವರಿಗೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲೇ ತಿಳಿದಿತ್ತು. ಅರವತ್ತರ ನಂತರ ಅದಕ್ಕೆ ಸಮಯ ಸಿಕ್ಕಿತು.

ಅದೇ ಕಾರಣದಿಂದ ಅವರು ಎಚ್.ಡಿ. ಕೋಟೆಯ ಕಡೆಯ ಹಾಡಿಗಳಿಗೂ ಹೋದರು. ಅರಣ್ಯ ಹಕ್ಕು ಕಾಯ್ದೆ 2006ರದು. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನ ಭೂಮಿಯಲ್ಲಿ ಬದುಕುತ್ತಿದ್ದ ಬುಡಕಟ್ಟು ಜನರು ಗ್ರಾಮಸಭೆಯ ಮುಂದೆ ಹಕ್ಕು ಕೇಳಬಹುದು. ಅಲ್ಲಿಂದ ಅದು ಉಪವಿಭಾಗಾಧಿಕಾರಿಯ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ಆ ಕಾಯ್ದೆಯ ನಿಯಮದಲ್ಲಿ ಒಂದು ಸೊಗಸಾದ ಮಾತಿದೆ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರಹಕ್ಕಿಳಿಸಿದರೆ ಅದೂ ಒಂದು ಸಾಕ್ಷ್ಯ. ಅಂದರೆ ಅಜ್ಜನ ನೆನಪಿಗೆ ಕಾನೂನಿನಲ್ಲಿ ಬೆಲೆಯಿದೆ, ಬರೆದುಕೊಳ್ಳುವವರು ಬೇಕು ಅಷ್ಟೆ. ಅಬ್ಬಾ ಮತ್ತು ಮೇಷ್ಟ್ರು ಒಬ್ಬ ಜೇನುಕುರುಬ ಅಜ್ಜನ ಮುಂದೆ ಕೂತು, "ಇಲ್ಲಿ ಯಾವ ವರ್ಷದಿಂದ ಇದ್ದೀರಿ?" ಎಂದು ಕೇಳಿದರಂತೆ. ಅಜ್ಜ ವರ್ಷ ಹೇಳಲಿಲ್ಲ. "ಬೀಚನಹಳ್ಳಿ ಡ್ಯಾಮು ಕಟ್ಟಕ್ಕೂ ಮುಂಚೆ ನಮ್ಮಪ್ಪನ್ನ ಆ ಮರದ ಬುಡದಲ್ಲಿ ಮಣ್ಣು ಮಾಡಿದ್ದು" ಎಂದ. ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಮೇಷ್ಟ್ರು ಅಜ್ಜನ ಮಾತನ್ನು ಅವನು ಆಡಿದ ಹಾಗೆಯೇ ಬರೆದು, ಕೆಳಗೆ ಇಸವಿ ಸೇರಿಸಿದರು. ಇಬ್ಬರೂ ಆ ದಿನ ರಾತ್ರಿಯ ಕೊನೆಯ ಬಸ್ಸಿನಲ್ಲಿ ಹಸಿದುಕೊಂಡು ಬಂದರು. ಅಬ್ಬಾರ ಮುಖದಲ್ಲಿ ಅಂಥ ಬೆಳಕನ್ನು ನಾನು ಅವರು ನೌಕರಿಯಲ್ಲಿದ್ದಾಗಲೂ ನೋಡಿರಲಿಲ್ಲ.

ಕೋಟೆಯ ಕಾಡಂಚು ಸೇವೆಗೆ ಹೊಸ ಜಾಗವಲ್ಲ. ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ 1984ರಲ್ಲಿ ಗೆಳೆಯರೊಂದಿಗೆ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆ ತಾಲ್ಲೂಕಿನ ಆದಿವಾಸಿಗಳ ನಡುವೆ ಆಸ್ಪತ್ರೆ, ಶಾಲೆ ನಡೆಸಿದ ಕಥೆ ಎಲ್ಲರಿಗೂ ಗೊತ್ತಿರುವುದೇ. ಅವರು ಮುಂದೆ ಬರಲಿದ್ದ ತಮ್ಮ ವರ್ಷಗಳನ್ನು ಕೊಟ್ಟ ಯುವಕರು. ಮುದುಕರ ಹತ್ತಿರ ಕೊಡಲು ಅಷ್ಟು ವರ್ಷಗಳಿಲ್ಲ. ಅವರು ಕೊಡಬಹುದಾದದ್ದು ಕಳೆದುಹೋದ ವರ್ಷಗಳಲ್ಲಿ ಕಲಿತದ್ದನ್ನು.

ಇಷ್ಟು ಹೊತ್ತೂ ಅಮ್ಮಿಯನ್ನು ಬಿಟ್ಟೇ ಬರೆದೆ ಎಂದು ಓದುಗರು ಕೇಳಬಹುದು. ಅಬ್ಬಾರ ಜಗುಲಿಗೆ ಬರುವವರಿಗೆಲ್ಲ ನೀರು, ಚಹಾ ಕೊಡುವುದು ಅಮ್ಮಿಯ ಪಾಲಿಗೆ ಬಂತು. ಅಂದರೆ ಗಂಡನ ಸಮಾಜಸೇವೆ ಹೆಂಡತಿಗೆ ಇನ್ನೊಂದು ಒಲೆಯಾಯಿತು. ನಮ್ಮಲ್ಲಿ ಬಹಳಷ್ಟು ಸೇವೆ ನಡೆಯುವುದು ಹೀಗೆಯೇ. ಸಿಸ್ಟರ್ ಇದನ್ನು ಗಮನಿಸಿ ಅಬ್ಬಾಗೆ ಮುಖಕ್ಕೆ ಹೊಡೆದಂತೆ ಹೇಳಿದರು, "ಸಾರ್, ಫ್ಲಾಸ್ಕು ತಗೊಳ್ಳಿ. ಚಹಾ ನೀವೇ ಮಾಡಿ ತುಂಬಿಸಿಡಿ. ಇವರನ್ನ ನಾನು ಕರ್ಕೊಂಡು ಹೋಗ್ತೀನಿ." ಕರೆದುಕೊಂಡು ಹೋದದ್ದು ಸಾವಿನ ಮನೆಗಳಿಗೆ.

ಗಂಡ ತೀರಿಕೊಂಡ ಮುಸ್ಲಿಮ್ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ತಿನಲ್ಲಿ ಕೂರುತ್ತಾಳೆ. ಮರಣದ ನೋಂದಣಿಗಾದರೋ ಇಪ್ಪತ್ತೊಂದು ದಿನದ ಗಡುವು. ಅದು ತಪ್ಪಿದರೆ ಮರಣ ಪ್ರಮಾಣಪತ್ರ ತಡ, ಪ್ರಮಾಣಪತ್ರ ತಡವಾದರೆ ವಿಧವಾ ವೇತನ, ಖಾತೆ, ಬ್ಯಾಂಕಿನ ಹಣ ಎಲ್ಲವೂ ತಡ. ದುಃಖದಲ್ಲಿರುವ ಮನೆಯಲ್ಲಿ ಕಾಗದದ ಮಾತು ತೆಗೆಯಲು ಗಂಡಸರಿಗೆ ಸಂಕೋಚ. ಒಳಗಿನ ಕೋಣೆಗೆ ಹೋಗಿ, ವಿಧವೆಯ ಪಕ್ಕ ಕೂತು, ಅತ್ತು ಮುಗಿದ ಮೇಲೆ, "ಬೇಟಿ, ಸಾವು ಬರೆಸಿದ್ದಾರಾ? ಆಸ್ಪತ್ರೆಯ ಚೀಟಿ ಎಲ್ಲಿಟ್ಟಿದ್ದೀ?" ಎಂದು ಕೇಳಬಲ್ಲವರು ಅಮ್ಮಿಯಂಥವರು ಮಾತ್ರ. ತಲಾಖ್ ಆದ ನಡುವಯಸ್ಸಿನ ಹೆಣ್ಣುಮಕ್ಕಳಿಗೆ 'ಮನಸ್ವಿನಿ' ಎಂಬ ಯೋಜನೆ ಇದೆಯೆಂದು ಮೊಹಲ್ಲಾದಲ್ಲಿ ಮೊದಲು ಹೇಳಿದವರೂ ಅವರೇ. ಅಮ್ಮಿಗೆ ಓದಲು ಬರುತ್ತಿದ್ದುದು ಉರ್ದು ಒಂದೇ. ತಮ್ಮ ಅರವತ್ತೆರಡನೆಯ ವರ್ಷದಲ್ಲಿ ಮೇಷ್ಟ್ರ ಕೈಯಲ್ಲಿ ಕನ್ನಡ ಅಕ್ಷರ ಕಲಿತರು, ಪ್ರಮಾಣಪತ್ರದಲ್ಲಿ ಹೆಸರು ಸರಿಯಾಗಿದೆಯೋ ಇಲ್ಲವೋ ತಾವೇ ನೋಡಿಕೊಳ್ಳಬೇಕೆಂದು. 'ಬೀ' ಮತ್ತು 'ಬಾನು' ಅವರು ಮೊದಲು ಗುರುತಿಸಿದ ಮಾತುಗಳು.

ಇದೆಲ್ಲ ಸರ್ಕಾರ ಮಾಡಬೇಕಾದ ಕೆಲಸವಲ್ಲವೇ, ನಿವೃತ್ತರು ಅದರ ಕೊರತೆ ಮುಚ್ಚಿಕೊಡುತ್ತ ಕೂತರೆ ವ್ಯವಸ್ಥೆ ಸುಧಾರಿಸುವುದು ಯಾವಾಗ ಎಂದು ನನ್ನ ಸ್ನೇಹಿತರು ಕೇಳುತ್ತಾರೆ. ಮಾತಿನಲ್ಲಿ ಸತ್ಯವಿದೆ. ಹಕ್ಕಿನ ಹಣ ಪಡೆಯಲು ಒಬ್ಬ ಅಜ್ಜಿಗೆ ಮಧ್ಯಸ್ಥರು ಬೇಕಾಗಬಾರದು. ಆದರೆ ಈಗಿನ ಸ್ಥಿತಿಯಲ್ಲಿ ಆ ಜಾಗ ಖಾಲಿ ಉಳಿಯುವುದಿಲ್ಲ. ಪಿಂಚಣಿಯ ಮೊದಲ ಮೂರು ತಿಂಗಳ ಹಣ ತನಗೆ ಎನ್ನುವ ದಲ್ಲಾಳಿ ಅಲ್ಲಿ ಬಂದು ಕೂರುತ್ತಾನೆ. ಅವನ ಮೇಜಿನ ಪಕ್ಕ ಕಾಸು ಮುಟ್ಟದ ಇನ್ನೊಂದು ಮೇಜು ಇದ್ದರೆ, ಜನಕ್ಕೆ ಯಾವುದು ಹಕ್ಕು, ಯಾವುದು ಲಂಚ ಎಂಬ ವ್ಯತ್ಯಾಸ ಕಾಣುತ್ತದೆ. ಅದೂ ಒಂದು ಸುಧಾರಣೆಯೇ.

ಹಾಗೆ ನೋಡಿದರೆ ಸರ್ಕಾರವೇ ನಿವೃತ್ತರಿಗೆ ಬಾಗಿಲು ತೆರೆದಿಟ್ಟಿದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ತಂದ ಅರೆಕಾನೂನು ಸ್ವಯಂಸೇವಕರ ಯೋಜನೆಯಲ್ಲಿ ಯಾರನ್ನು ತೆಗೆದುಕೊಳ್ಳಬಹುದೆಂಬ ಪಟ್ಟಿಯಲ್ಲೇ ನಿವೃತ್ತ ಶಿಕ್ಷಕರು, ನಿವೃತ್ತ ಸರ್ಕಾರಿ ನೌಕರರು, ಹಿರಿಯ ನಾಗರಿಕರು ಇದ್ದಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿದರೆ ತರಬೇತಿಯ ವಿಷಯ ತಿಳಿಯುತ್ತದೆ. 2022ರಲ್ಲಿ ಶುರುವಾದ ನವಭಾರತ ಸಾಕ್ಷರತಾ ಕಾರ್ಯಕ್ರಮ, ಅಂದರೆ 'ಉಲ್ಲಾಸ್', ಹದಿನೈದು ದಾಟಿದ ಅನಕ್ಷರಸ್ಥರಿಗೆ ಅಕ್ಷರ ಕಲಿಸಲು ಸ್ವಯಂಸೇವಕರನ್ನೇ ನಂಬಿದೆ. ಇವೆರಡೂ ಬೇಡವೆಂದರೆ ಮಸೀದಿಯ ಜಗುಲಿ ಇದೆ, ದೇವಸ್ಥಾನದ ಅರಳಿಕಟ್ಟೆ ಇದೆ, ಒಂದು ಮೇಜು ಹಾಕಿಕೊಂಡರೆ ಆಯಿತು.

ಅಬ್ಬಾಗೆ ಈಗ ಎಪ್ಪತ್ತೈದು ದಾಟಿದೆ. ಮೂರು ವರ್ಷದಿಂದ ಬಲಗೈ ನಡುಗುತ್ತದೆ, ಪೆನ್ನು ನಿಲ್ಲುವುದಿಲ್ಲ. ಮೇಷ್ಟ್ರು 2021ರ ಕೊರೊನಾದಲ್ಲಿ ಹೋದರು. ಅವರ ಮರಣ ಪ್ರಮಾಣಪತ್ರದ ಅರ್ಜಿಯನ್ನು ಅಬ್ಬಾ ನಡುಗುವ ಮೊದಲಿನ ಕೈಯಲ್ಲಿ ತಾವೇ ಬರೆದರು, ಆ ದಿನ ಯಾರೊಂದಿಗೂ ಮಾತಾಡಲಿಲ್ಲ. ನಾನು ಕತೆ ಬರೆಯುವ ಮನುಷ್ಯ, ಮೈಸೂರಿನಲ್ಲಿದ್ದೇನೆ. ನಮ್ಮ ಜೊತೆ ಬಂದಿರಿ ಎಂದು ಎಷ್ಟೋ ಸಲ ಕರೆದೆ. "ಅಲ್ಲಿ ನನ್ನನ್ನು ಯಾರು ಕೇಳಿಕೊಂಡು ಬರ್ತಾರೆ?" ಎಂದರು. ಅವರನ್ನು ನೋಡಿಕೊಳ್ಳುವವರು ಮೈಸೂರಿನಲ್ಲಿ ಇದ್ದಾರೆ, ಅವರನ್ನು ಕೇಳಿಕೊಂಡು ಬರುವವರು ಇಲ್ಲ. ಇವೆರಡರ ನಡುವಿನ ಅಂತರ ನನಗೆ ಅಂದು ತಿಳಿಯಿತು. ಮತ್ತೆ ಕರೆಯಲಿಲ್ಲ.

ಈಗ ಅರ್ಜಿ ಬರೆಯುವುದು ಆ ಖಾಲಾಳ ಮೊಮ್ಮಗಳು. ಹುಣಸೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಅಬ್ಬಾ ಹೇಳುತ್ತಾರೆ, ಅವಳು ಮೊಬೈಲಿನಲ್ಲಿ ತುಂಬುತ್ತಾಳೆ. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕಲ್ಲ, ಕಳೆದ ವರ್ಷ ಅಬ್ಬಾರ ಕಾಗದವನ್ನು ಅವಳೇ ಓಡಾಡಿ ಮಾಡಿಸಿದಳು. ಎಷ್ಟಾಯಿತಮ್ಮ ಎಂದು ಅಬ್ಬಾ ಜೇಬಿಗೆ ಕೈ ಹಾಕಿದರೆ, ಅಮ್ಮಿ ಒಳಗಿನಿಂದ ಕೂಗಿದರು, "ಕಾಸು ಮುಟ್ಟೋ ಹಾಗಿಲ್ಲ. ಪಾಯಸ ಮಾಡಿ ಕೊಡಿ, ನೀವೇ ಮಾಡಬೇಕು."